ಬೋರಲು ಡಬ್ಬಿಯ ಎಣ್ಣೆ

ನಮ್ಮ ಅಂಗಡಿಗೆ ಬಂದು ಯಾರಾದರೂ ಡೀಸೆಲ್ ಕಾರಿಗೆ ಯಾವ ಆಯಿಲ್ ಹಾಕಬೇಕು ಎಂದು ಕೇಳಿದರೆ, ಈಗ ನಾನು ತಿರುಗಿ ಕೇಳುವುದು ಒಂದೇ ಮಾತು: ಗಾಡಿಯ ಪುಸ್ತಕ ತಂದಿದ್ದೀರಾ? ತಂದಿರುವುದಿಲ್ಲ. ಯಾರೂ ತರುವುದಿಲ್ಲ. ಅದು ಕಾರಿನೊಳಗಿನ ಖಾನೆಯಲ್ಲಿ, ಪ್ಲಾಸ್ಟಿಕ್ ಕವರನ್ನೂ ಬಿಚ್ಚಿಸಿಕೊಳ್ಳದೆ, ಇನ್ಶೂರೆನ್ಸ್ ಕಾಗದದ ಕೆಳಗೆ ಇರುತ್ತದೆ. ಹೋಗಿ ತನ್ನಿ ಎನ್ನುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ. "ಇಷ್ಟ್ ವರ್ಷ ಆತು ಅಂಗಡಿ ಇಟ್ಟು, ಇಷ್ಟೂ ಗೊತ್ತಾಗಂಗಿಲ್ಲೇನ್ರಿ ನಿಮಗ?" ಎನ್ನುತ್ತಾರೆ. ಗೊತ್ತಾಗುವುದಿಲ್ಲ ಎನ್ನುತ್ತೇನೆ. ಅವರು ಎದುರಿನ ಅಂಗಡಿಗೆ ಹೋಗುತ್ತಾರೆ. ಹೋಗಲಿ.

ಕೊಟ್ಟೂರಿನ ಈ ಅಂಗಡಿಯನ್ನು ಹಾಕಿದ್ದು ಅಪ್ಪ, ಬೆಳೆಸಿದ್ದು ಅಣ್ಣ. ನಾನು ಬರೀ ಕೂತವನು. ಮದುವೆಯಾಗಲಿಲ್ಲ, ಬೇರೆ ಊರು ನೋಡಲಿಲ್ಲ. ಅಣ್ಣ, ಅತ್ತಿಗೆ, ನಾನು, ಮೂವರೇ ಮನೆಯಲ್ಲಿ. ಗಿರಾಕಿಗಳು ಬರುತ್ತಿದ್ದುದು ಅಣ್ಣನ ಬೆರಳಿಗಾಗಿ. ಹೊಸಹಳ್ಳಿ ಕಡೆಯವರು, ಹಡಗಲಿ ಕಡೆಯವರು ಕೂಡ ಎಂಜಿನ್ನಿನ ಎಣ್ಣೆ ಮಟ್ಟ ನೋಡುವ ಗೇಜ್ ಕಡ್ಡಿಯನ್ನೇ ಕಿತ್ತು, ಪೇಪರಿನಲ್ಲಿ ಸುತ್ತಿಕೊಂಡು, ಬಸ್ಸಿನಲ್ಲಿ ಬರುತ್ತಿದ್ದರು. ಅಣ್ಣ ಕಡ್ಡಿಯ ತುದಿಯಿಂದ ಒಂದು ಹನಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತೆಗೆದುಕೊಂಡು ತಿಕ್ಕುತ್ತಿದ್ದ, ಎಳೆದು ನೋಡುತ್ತಿದ್ದ, ಮೂಸುತ್ತಿದ್ದ. ಆಮೇಲೆ, "ನಡುವ ಒಮ್ಮಿ ಬ್ಯಾರೆ ಆಯಿಲ್ ಸುರುವೀರಿ, ಹೌದಿಲ್ಲೋ?" ಅನ್ನುತ್ತಿದ್ದ. ಬಂದವರು ತಲೆ ಕೆರೆದುಕೊಳ್ಳುತ್ತಿದ್ದರು. ಅಣ್ಣ ಹೇಳಿದ ಡಬ್ಬಿಯನ್ನು ನಾನು ಕಪಾಟಿನಿಂದ ಇಳಿಸಿ ಕೊಡುತ್ತಿದ್ದೆ. ನನ್ನ ಕೆಲಸ ಅಷ್ಟೇ, ಅದರಲ್ಲಿ ನನಗೇನೂ ಬೇಸರವಿರಲಿಲ್ಲ.

ನಮ್ಮ ಮನೆಯ ಗಾಡಿಗಳಿಗೆ ಮಾತ್ರ ಕಪಾಟಿನ ಡಬ್ಬಿ ಇಳಿಯುತ್ತಿರಲಿಲ್ಲ. ಇದು ಅಪ್ಪನ ಕಾಲದ ಪದ್ಧತಿ. ಅಂಗಡಿಯ ಮುಂದೆಯೇ ಮೆಕ್ಯಾನಿಕ್ಕುಗಳು ಆಯಿಲ್ ಬದಲಿಸುತ್ತಾರೆ. ಸುರಿದು ಮುಗಿದ ಡಬ್ಬಿಯಲ್ಲಿ ಒಂದಿಷ್ಟು ಎಣ್ಣೆ ಒಳಗೋಡೆಗೆ ಅಂಟಿಕೊಂಡು ಉಳಿಯುತ್ತದೆ. ಹಿತ್ತಲ ಗೋಡೆಗೆ ಅಪ್ಪ ಒಂದು ಹಲಗೆ ಹೊಡೆಸಿ, ಸಾಲಾಗಿ ತೂತು ಕೊರೆಸಿದ್ದ. ಖಾಲಿ ಡಬ್ಬಿಗಳನ್ನು ಅದರಲ್ಲಿ ಬೋರಲು ಹಾಕಿದರೆ ದಿನವಿಡೀ ಹನಿ ಹನಿಯಾಗಿ ಕೆಳಗಿನ ತಗಡಿನ ಡಬ್ಬಕ್ಕೆ ಇಳಿಯುತ್ತಿತ್ತು. ಟ್ರ್ಯಾಕ್ಟರಿನದು, ಲಾರಿಯದು, ಮೋಟರ್ ಸೈಕಲ್ಲಿನದು, ಎಲ್ಲ ಜಾತಿಯ ಎಣ್ಣೆಯೂ ಒಂದೇ ಡಬ್ಬದಲ್ಲಿ. ಅದೇ ಮನೆಯ ಗಾಡಿಗೆ. ಎಣ್ಣೆ ಮಾರುವವರು ತಮ್ಮ ಗಾಡಿಗೆ ಸೀಲು ಒಡೆದರೆ ಅದು ಸೊಕ್ಕು ಎಂದು ಅಪ್ಪ ಹೇಳುತ್ತಿದ್ದ. ನಮ್ಮ ಹಳೆಯ ಜೀಪು ಇಪ್ಪತ್ತು ವರ್ಷಕ್ಕೂ ಹೆಚ್ಚು ಅದನ್ನೇ ಕುಡಿದು ಓಡಿತು. ಒಂದು ದಿನವೂ ಮುನಿಸಿಕೊಂಡದ್ದಿಲ್ಲ.

ಜೀಪು ಮಾರಿ ಡೀಸೆಲ್ ಕಾರು ತಂದಾಗ ಅಣ್ಣ ನನಗೆ ಅಚ್ಚರಿಯಾಗುವಂಥ ಕೆಲಸ ಮಾಡಿದ. ಪುಸ್ತಕದ ಕವರು ಹರಿದು ಓದಲು ಕೂತ. ಅವನ ಇಂಗ್ಲಿಷು ಅಷ್ಟಕ್ಕಷ್ಟೇ. ಆದರೂ ಎಂಜಿನ್ ಆಯಿಲ್ಲಿನ ಪುಟದ ಅಂಕಿ ಅಕ್ಷರಗಳನ್ನು ಚೀಟಿಗೆ ಇಳಿಸಿಕೊಂಡು, ಕಪಾಟಿನ ಒಂದೊಂದು ಡಬ್ಬಿಯ ಬೆನ್ನಿನ ಸಣ್ಣಕ್ಷರದ ಜೊತೆ ಹೋಲಿಸುತ್ತ ಅರ್ಧ ದಿನ ಕಳೆದ. ನಮ್ಮಲ್ಲಿ ಯಾವುದೂ ಹೊಂದಲಿಲ್ಲ. ಹೊಸಪೇಟೆಯ ಏಜೆಂಟನಿಗೆ ಹೇಳಿ ತರಿಸಿದ. ಡಬ್ಬಿಯ ಮೇಲೆ ಸೀಮೆಸುಣ್ಣದ ಕಡ್ಡಿಯಿಂದ 'ಮನಿ' ಎಂದು ಬರೆದು ಮೇಲಿನ ಅಟ್ಟದಲ್ಲಿಟ್ಟ.

"ಏನಣ್ಣಾ, ಬೆರಳಿಗೆ ರಿಟೈರ್ಮೆಂಟ್ ಕೊಟ್ಟ್ಯೇನು?" ಎಂದು ನಾನು ತಮಾಷೆ ಮಾಡಿದೆ.

"ಬೆರಳಿಗೆ ದಪ್ಪ ತೆಳು ಗೊತ್ತಾಗ್ತೈತಿ ಲೇ," ಅಂದ. "ಬೂದಿ ಗೊತ್ತಾಗಂಗಿಲ್ಲ."

ಆಮೇಲೆ ವಿವರಿಸಿದ. ಹೊಸ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಒಂದು ಜಾಲರಿ ಇರುತ್ತದೆ. ಗಾಡಿ ದೂರ ಓಡಿ ಕಾದಾಗ ಮಸಿ ತಾನಾಗಿ ಸುಟ್ಟುಹೋಗುತ್ತದೆ. ಆದರೆ ಎಣ್ಣೆಯೂ ಒಂದಿಷ್ಟು ಉರಿಯುತ್ತದಲ್ಲ, ಅದರ ಬೂದಿ ಸುಡುವುದಿಲ್ಲ, ಅಲ್ಲೇ ಕೂರುತ್ತದೆ. ಟ್ರ್ಯಾಕ್ಟರಿನ ಎಣ್ಣೆಯಲ್ಲಿ ಬೂದಿ ಹೆಚ್ಚು. ಈ ಕಾರಿಗೆ ಬೂದಿ ಕಡಿಮೆ ಇರುವ ಎಣ್ಣೆಯೇ ಬೇಕು. ಜಾಲರಿ ಕಟ್ಟಿದರೆ ಎಂಜಿನ್ನು ತನ್ನನ್ನು ತಾನು ಉಳಿಸಿಕೊಳ್ಳಲು ಓಟ ತಗ್ಗಿಸುತ್ತದೆ. ಎಷ್ಟು ತುಳಿದರೂ ಓಡುವುದಿಲ್ಲ. ಇಷ್ಟನ್ನೂ ಅವನು ನನಗೆ ಹೇಳಿದ್ದ. ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ದಾರಿ ನನಗಿಲ್ಲ.

ಕಾರಿನ ಆಯಿಲ್ ಬದಲಿಸುವ ಹೊತ್ತು ಬಂದಾಗ ಅಣ್ಣ ತಂಬ್ರಹಳ್ಳಿಗೆ ಹೊರಟಿದ್ದ. ಅತ್ತಿಗೆಯ ತವರಿನವರ ಗೃಹಪ್ರವೇಶ, ಇಬ್ಬರೂ ಮೂರು ದಿನಕ್ಕೆಂದು ಬಸ್ಸಿನಲ್ಲಿ ಹೋದರು. "ಅಟ್ಟದ ಡಬ್ಬಿ ಇಳಿಸಿ ಬದಲಿ ಮಾಡಿಸಿಬಿಡು," ಎಂದು ಹೇಳಿ ಹೋದ. ಮರುದಿನ ಹೊಸಹಳ್ಳಿಯಲ್ಲಿ ಮೇಷ್ಟರಾಗಿರುವ ಒಬ್ಬರು ಬಂದರು. ಅವರದೂ ಅದೇ ಕಾರು. ಎಣ್ಣೆ ತಳ ಹತ್ತಿದೆ, ಬಳ್ಳಾರಿಗೆ ಹೋಗಬೇಕು, ಕೂಡ್ಲಿಗಿಯಲ್ಲಿ ಎಲ್ಲೂ ಸಿಗಲಿಲ್ಲ ಎಂದರು. ಅವರ ಕೈಯಲ್ಲಿ ಪುಸ್ತಕವಿತ್ತು. ಕೇಳಿ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು ಎನ್ನುವುದು ನಮ್ಮ ಅಂಗಡಿಯ ಇನ್ನೊಂದು ಪದ್ಧತಿ. ಸುಣ್ಣದ ಅಕ್ಷರವನ್ನು ಬಟ್ಟೆಯಿಂದ ಒರೆಸಿ ಡಬ್ಬಿ ಕೊಟ್ಟೆ. ಇನ್ನೊಂದು ತರಿಸಿದರಾಯಿತು ಅಂದುಕೊಂಡೆ.

ತರಿಸಲಿಲ್ಲ. ಆ ಮಧ್ಯಾಹ್ನ ಮೆಕ್ಯಾನಿಕ್ಕಿಗೆ ಕೈ ಬಿಡುವಿತ್ತು, "ಮಾಡಿಬಿಡ್ಲೇನ್ರಿ?" ಎಂದ. ಹಿತ್ತಲಿಂದ ತಗಡಿನ ಡಬ್ಬ ತಂದುಕೊಟ್ಟೆ. ಅವನು ಒಳಗೆ ಇಣುಕಿ, "ಇದನ್ನಾ?" ಅಂದ. "ಹಾಕೋ ಮಾರಾಯ," ಅಂದೆ. ಅಣ್ಣ ಬಂದು ಕೇಳಿದ: "ಬದಲಿ ಮಾಡಿಸಿದ್ಯಾ?" ಮಾಡಿಸಿದೆ. "ಅಟ್ಟದ್ದನ್ನ?" ಅಟ್ಟದ್ದನ್ನ ಅಂದೆ. ಇಷ್ಟೇ ನಡೆದದ್ದು. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಊಟ ಆಯ್ತಾ ಎಂದರೆ ಆಯ್ತು ಎನ್ನುತ್ತೇವಲ್ಲ, ಹಾಗೆ ಬಾಯಿಗೆ ಬಂತು.

ಕಾರಿಗೆ ಏನೂ ಆಗಲಿಲ್ಲ. ಮುಂದಿನ ಸಲವೂ ಅದೇ ಡಬ್ಬದಿಂದ ಹಾಕಿಸಿದೆ, ಅಣ್ಣ ಸಂತೆಗೆ ಹೋಗಿದ್ದ ಹೊತ್ತು ನೋಡಿ. ಈ ಸಲ ಹೊತ್ತು ನೋಡಿದ್ದೆ ಎನ್ನುವುದನ್ನು ಬರೆಯಲೇಬೇಕು. ಕೆಲವು ತಿಂಗಳ ನಂತರ ಮುಂದಿನ ಫಲಕದಲ್ಲಿ ಒಂದು ಹಳದಿ ದೀಪ ಹತ್ತಿತು. ಕಾರು ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಓಡಾಡುತ್ತಿದ್ದುದೇ ಹೆಚ್ಚು. ಕೂಡ್ಲಿಗಿ ರಸ್ತೆಯಲ್ಲಿ ಜೋರಾಗಿ ಒಂದು ಸುತ್ತು ಓಡಿಸಿಕೊಂಡು ಬಂದೆ, ದೀಪ ಆರಿತು. ಅಣ್ಣನಿಗೆ ಹೇಳಲಿಲ್ಲ. ಹೇಳಿದರೆ ಡಬ್ಬಿಯ ಮಾತು ಬರುತ್ತಿತ್ತು.

ಆಮೇಲೆ ಆ ಸೋಮವಾರ ಬಂತು. ಬೆಳಿಗ್ಗೆ ಎದ್ದಾಗಲೇ ಅಣ್ಣ ಬಲಗೈ ಜೋಮು ಹಿಡಿದಿದೆ ಎಂದಿದ್ದನಂತೆ. ಕೈಯನ್ನು ಮೈಯ ಅಡಿಗೆ ಹಾಕಿಕೊಂಡು ಮಲಗಿದ್ದೀರಿ, ಸರಿಹೋಗುತ್ತದೆ ಎಂದು ಅತ್ತಿಗೆ ಎಣ್ಣೆ ತಿಕ್ಕಿ ಸ್ನಾನಕ್ಕೆ ಕಳಿಸಿದ್ದಳು. ಸ್ನಾನ ಮಾಡಿದ, ಪೂಜೆ ಮಾಡಿದ, ವಿಭೂತಿ ಹಚ್ಚಿಕೊಂಡ, ಅಂಗಡಿಗೆ ಬಂದ. ಶಟರ್ ಎತ್ತಲು ಬಗ್ಗಿದವನು ಹಾಗೇ ಕೂತುಬಿಟ್ಟ. ಬಾಯಿ ಒಂದು ಕಡೆ ಜಾರಿತ್ತು. ನಮ್ಮೂರಿನ ಡಾಕ್ಟರು ನೋಡಿದ ಕೂಡಲೇ, "ಲಕ್ವಾ ಐತಿ. ಹರಪನಹಳ್ಳಿಯೊಳಗ ನಿಲ್ಲಸಬ್ಯಾಡ್ರಿ, ಸೀದಾ ದಾವಣಗೆರಿಗೆ ಹೋಗ್ರಿ. ಹೊತ್ತಿನೊಳಗ ಮುಟ್ಟಿದ್ರ ಒಂದು ಇಂಜೆಕ್ಷನ್ ಐತಿ, ಹೊತ್ತು ಮೀರಿದ್ರ ಇಲ್ಲ," ಎಂದರು. ಆಂಬುಲೆನ್ಸು ಬೇರೆ ಹಳ್ಳಿಗೆ ಹೋಗಿತ್ತು. ನಮ್ಮ ಕಾರು ಅಲ್ಲೇ ನಿಂತಿತ್ತು. ಅತ್ತಿಗೆಯನ್ನೂ ಹತ್ತಿಸಿಕೊಂಡು ನಾನೇ ಓಡಿಸಿದೆ.

ಹರಪನಹಳ್ಳಿಯ ತನಕ ಚೆನ್ನಾಗಿಯೇ ಓಡಿತು. ದಾಟಿ ಸ್ವಲ್ಪ ದೂರಕ್ಕೆ ಹಳದಿ ದೀಪ ಹತ್ತಿತು, ಅದರ ಪಕ್ಕ ಇನ್ನೊಂದು. ತುಳಿದರೆ ಎಂಜಿನ್ನು ಕೂಗುತ್ತಿತ್ತು, ಗಾಡಿ ಮುಂದೆ ಹೋಗುತ್ತಿರಲಿಲ್ಲ. ಮೆಕ್ಕೆಜೋಳ ಹೇರಿದ ಟ್ರ್ಯಾಕ್ಟರು ಕೂಡ ನಮ್ಮನ್ನು ಹಿಂದೆ ಹಾಕಿ ಹೋಯಿತು. ಹಿಂದಿನ ಸೀಟಿನಲ್ಲಿ ಅಣ್ಣನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ ಅತ್ತಿಗೆ, "ಸ್ವಲ್ಪ ಜೋರ್ ಹೊಡಿಯಪಾ," ಅಂದಳು. ಮತ್ತೆ ಸ್ವಲ್ಪ ಹೊತ್ತಿಗೆ, "ಯಾಕ ಜೋರ್ ಹೊಡಿವಲ್ಲಿ?" ಅಂದಳು. ಕನ್ನಡಿಯಲ್ಲಿ ನೋಡಿದೆ. ಅಣ್ಣನ ಕಣ್ಣು ತೆರೆದಿತ್ತು, ಮೇಲಕ್ಕೆ ನೋಡುತ್ತಿದ್ದ, ಎಂಜಿನ್ನಿನ ಸದ್ದು ಕೇಳುತ್ತಿದ್ದ. ಅಥವಾ ನನಗೆ ಹಾಗೆ ಕಂಡಿತು.

ಇನ್ನೂ ಅರ್ಧ ದಾರಿ ಇದ್ದಾಗ ಗಾಡಿ ಪೂರ್ತಿ ನಿಂತಿತು. ಈರುಳ್ಳಿ ಚೀಲ ಇಳಿಸಿ ಖಾಲಿ ಬರುತ್ತಿದ್ದ ಒಂದು ಸಣ್ಣ ಗೂಡ್ಸ್ ಗಾಡಿಯವನು ನಿಲ್ಲಿಸಿದ. ಹಿಂದೆ ಗೋಣಿ ಹಾಸಿ ಅಣ್ಣನನ್ನು ಮಲಗಿಸಿಕೊಂಡು ಹೋದೆವು. ಆಸ್ಪತ್ರೆಯಲ್ಲಿ ಮೊದಲು ಕೇಳಿದ್ದು ಯಾವಾಗ ಶುರುವಾಯಿತು ಎಂದು. ಅತ್ತಿಗೆ ಬೆಳಗಿನ ಜೋಮಿನ ವಿಷಯ ಹೇಳಿದಳು. ಡಾಕ್ಟರು ಗಡಿಯಾರ ನೋಡಿ, ಹೊತ್ತು ಮೀರಿದೆ, ಇನ್ನು ಆ ಇಂಜೆಕ್ಷನ್ ಕೊಡಲು ಬರುವುದಿಲ್ಲ ಎಂದರು. ಒಂದು ತಾಸು ಮುಂಚೆ ಬಂದಿದ್ದರೆ? ಎಂದು ನಾನೇ ಕೇಳಿದೆ. ಕೊಟ್ಟು ನೋಡಬಹುದಿತ್ತು ಎಂದರು.

ಅಣ್ಣ ಉಳಿದ. ಬಲಗೈ ಬಲಗಾಲು ಹೋದವು, ಮಾತು ಹೋಯಿತು.

ಕಾರನ್ನು ಎಳೆಸಿಕೊಂಡು ಹೋಗಿ ದಾವಣಗೆರೆಯ ಗ್ಯಾರೇಜಿಗೆ ಬಿಟ್ಟಿದ್ದೆ. ಅಲ್ಲಿಯವನು ಜಾಲರಿ ಬಿಚ್ಚಿ ತೋರಿಸಿದ. ಗಟ್ಟಿಯಾಗಿ ಕಟ್ಟಿಕೊಂಡಿತ್ತು. ಗೇಜ್ ಕಡ್ಡಿ ಎಳೆದು ಮೂಸಿ ನನ್ನ ಮುಖ ನೋಡಿದ. "ಯಾವ ಆಯಿಲ್ ಹಾಕಿದ್ರಿ ಸಾರ್ ಇದಕ್ಕೆ?" ಅಂದ. ಗೊತ್ತಿಲ್ಲ ಅಂದೆ. "ಇದೊಂದೇ ಕಾರಣ ಅಂತ ಹೇಳಕಾಗಲ್ಲ, ಬರೀ ಊರೊಳಗೆ ಓಡಿಸಿದ್ರೂ ಹಿಂಗಾಗುತ್ತೆ," ಅಂದ. ಒಳ್ಳೆಯವನು. ಅವನ ಆ ಒಂದು ಮಾತನ್ನು ನಾನು ಎಷ್ಟೋ ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಕೆಲಸಕ್ಕೆ ಬರಲಿಲ್ಲ.

ದುಃಖವಾಯಿತೇ ಎಂದರೆ, ಇಲ್ಲ. ಏನೂ ಆಗಲಿಲ್ಲ. ಅದನ್ನು ಹೇಗೆ ಹೇಳುವುದೋ ತಿಳಿಯದು. ಬೆಳಿಗ್ಗೆ ಎದ್ದೆ, ಅಂಗಡಿ ತೆಗೆದೆ, ರೊಟ್ಟಿ ತಿಂದೆ. ಪಲ್ಯಕ್ಕೆ ಉಪ್ಪು ಹಾಕಿಲ್ಲ ಎಂದು ಅತ್ತಿಗೆ ತಾನೇ ಹೇಳಿದ ಮೇಲೆ ಗೊತ್ತಾಗುತ್ತಿತ್ತು. ಒಮ್ಮೆ ಬಿಸಿ ಸೈಲೆನ್ಸರಿಗೆ ಮೊಣಕೈ ತಾಗಿ ಬೊಬ್ಬೆ ಬಂದಿತ್ತು. ಯಾವಾಗ ತಾಗಿತು ಎಂದು ನೆನಪಿಲ್ಲ. ಹಿತ್ತಲಿನ ಹಲಗೆಯನ್ನು ಕಿತ್ತು ಹಾಕಿದೆ. ಹಾಗೆ ಕೀಳುವಾಗ ಸಿಟ್ಟಿನಿಂದ ಕಿತ್ತೆ ಎಂದರೆ ಓದುವವರಿಗೆ ಚೆನ್ನಾಗಿರುತ್ತದೆ, ಆದರೆ ಸಿಟ್ಟೇನೂ ಇರಲಿಲ್ಲ. ಬಡಗಿಗೆ ಹೇಳಿದೆ, ಅವನು ಬಂದು ಮೊಳೆ ತೆಗೆದ. ಮೆಕ್ಯಾನಿಕ್ಕುಗಳು ಈಗಲೂ ರೂಢಿಯಂತೆ ಖಾಲಿ ಡಬ್ಬಿ ತಂದು ಅಲ್ಲಿ ನಿಂತು, ಗೋಡೆ ನೋಡಿ, ನೆಲದ ಮೇಲಿಟ್ಟು ಹೋಗುತ್ತಾರೆ.

ಮನೆಗೆ ನೋಡಲು ಬಂದವರಿಗೆಲ್ಲ ಅತ್ತಿಗೆ ಒಂದೇ ಕಥೆ ಹೇಳುತ್ತಿದ್ದಳು. "ಎದ್ದ ಕೂಡ್ಲೇ ಕೈ ಜೋಮು ಅಂದ್ರು. ನಾನ ತಿಳೀಲಿಲ್ಲ. ಎಣ್ಣಿ ತಿಕ್ಕಿ, ಜಳಕ ಮಾಡ್ಸಿ, ಅಂಗಡಿಗಿ ಕಳಿಸ್ದೆ. ಆಗ್ಲೇ ಕರಕೊಂಡು ಹೋಗಿದ್ರ ಅವರು ಇವತ್ತ ಮಾತಾಡ್ತಿದ್ರು. ನಾನ ತಡ ಮಾಡ್ದೆ." ಬಂದವರು ಹಾಗನ್ನಬೇಡ ತಾಯಿ ಎಂದು ಹೇಳಿ ಎದ್ದು ಹೋಗುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ. ಒಂದು ಸಲವಲ್ಲ, ಎಂಟು ತಿಂಗಳು. ಅವಳ ಕಥೆಯಲ್ಲಿ ಕಾರು ಬರುತ್ತಲೇ ಇರಲಿಲ್ಲ. ಗಾಡಿ ಕೆಟ್ಟದ್ದು ಹಣೆಬರಹ, ತಡ ಮಾಡಿದ್ದು ತಾನು, ಅಷ್ಟೇ ಅವಳ ಲೆಕ್ಕ. ಆ ಲೆಕ್ಕವನ್ನು ತಿದ್ದಬೇಕಾದವನು ನಾನೊಬ್ಬನೇ, ನಾನು ಬಾಯಿಗೆ ಬೀಗ ಹಾಕಿಕೊಂಡಿದ್ದೆ.

ಅಣ್ಣನಿಗೆ ಎಷ್ಟು ತಿಳಿಯುತ್ತದೆ ಎಂಬುದನ್ನು ಡಾಕ್ಟರು ಹೇಳಲಿಲ್ಲ. ಎಲ್ಲದಕ್ಕೂ ತಲೆ ಆಡಿಸುತ್ತಿದ್ದ. ಅನ್ನ ಎಂದರೂ ಆಡಿಸುತ್ತಿದ್ದ, ರೊಟ್ಟಿ ಎಂದರೂ ಆಡಿಸುತ್ತಿದ್ದ, ನಾನು ಯಾರು ಎಂದರೂ ಆಡಿಸುತ್ತಿದ್ದ. ಎಲ್ಲ ತಿಳಿಯುತ್ತದೆ ಎಂದು ಅತ್ತಿಗೆ ಹಟ ಹಿಡಿದಿದ್ದಳು. ಪೇಪರು ಓದಿ ಹೇಳುತ್ತಿದ್ದಳು, ಯಾರ ಮದುವೆ ಎಲ್ಲಿ ಎಂದು ಹೇಳುತ್ತಿದ್ದಳು. ಏನೂ ತಿಳಿಯುವುದಿಲ್ಲ ಎಂದು ನಾನು ನಿರ್ಧರಿಸಿದ್ದೆ. ಆ ನಿರ್ಧಾರ ನನಗೆ ಅನುಕೂಲವಾಗಿತ್ತು ಎಂದು ಈಗ ಗೊತ್ತಾಗುತ್ತದೆ.

ಕಾರು ಈಗ ರಿಪೇರಿಯಾಗಿದೆ. ಹೊಸ ಜಾಲರಿ, ಪುಸ್ತಕದಲ್ಲಿ ಬರೆದ ಎಣ್ಣೆ. ತಿಂಗಳಿಗೊಮ್ಮೆ ಅದರಲ್ಲೇ ಅಣ್ಣನನ್ನು ದಾವಣಗೆರೆಗೆ ಕರೆದೊಯ್ಯುತ್ತೇನೆ, ಚೆನ್ನಾಗಿ ಓಡುತ್ತದೆ.

ಅಂಗಡಿಗೆ ವಾರದ ರಜೆ ಇದ್ದ ದಿನ ಅಣ್ಣನ ಗಡ್ಡ ಹೆರೆಯುವುದು ನನ್ನ ಕೆಲಸ. ಹೋದ ತಿಂಗಳು ಅಂಥ ಒಂದು ದಿನ, ತಂಬ್ರಹಳ್ಳಿಯಿಂದ ಅತ್ತಿಗೆಯ ತಂಗಿ ಬಂದಿದ್ದಳು. ಅತ್ತಿಗೆ ಅವಳ ಮುಂದೆಯೂ ಅದೇ ಕಥೆ ಹೇಳಿದಳು, ಆದರೆ ಈ ಸಲ ಕೊನೆಗೆ, "ನಾ ಅವರ ಕೂಡ ಇರಾಕ ಲಾಯಕ್ಕಿಲ್ಲ ತಂಗೀ," ಅಂದಳು. ತಂಗಿಯನ್ನು ಬಸ್ಸಿಗೆ ಬಿಟ್ಟು ಬಂದು ಒಳಗೆ ಒಲೆಯ ಮುಂದೆ ಕೂತಳು. ಪಡಸಾಲೆಯಲ್ಲಿ ನಾನು, ಅಣ್ಣ ಇಬ್ಬರೇ. ಕುರ್ಚಿಯಲ್ಲಿ ಕೂರಿಸಿ, ಕುತ್ತಿಗೆಗೆ ಟವೆಲ್ ಸುತ್ತಿ, ನೊರೆ ಹಚ್ಚಿದೆ. ಬಾಯಿ ಜಾರಿದ ಕಡೆ ಚರ್ಮವನ್ನು ಬೆರಳಿನಿಂದ ಎಳೆದು ಹಿಡಿದು ಹೆರೆಯಬೇಕು. ಹಾಗೆ ಹೆರೆಯುತ್ತಲೇ ಹೇಳಲು ಶುರು ಮಾಡಿದೆ. ಯಾಕೆ ಅವನಿಗೆ ಹೇಳಿದೆ? ಧೈರ್ಯ ಬಂತು ಎಂದಲ್ಲ. ಅತ್ತಿಗೆಗೆ ಹೇಳುವ ಮೊದಲು ಒಮ್ಮೆ ಗಟ್ಟಿಯಾಗಿ ಹೇಳಿ ನೋಡೋಣ, ಕೇಳಿಸಿಕೊಳ್ಳುವವನಿಗೆ ಹೇಗೂ ತಿಳಿಯುವುದಿಲ್ಲ ಎಂದುಕೊಂಡೆ. ಗೋಡೆಗೆ ಹೇಳಿದಂತೆ ಹೇಳಿದೆ.

"ಅಟ್ಟದ ಡಬ್ಬಿ ಹಾಕ್ಲಿಲ್ಲಣ್ಣ ನಾನು," ಅಂದೆ. "ಹೊಸಹಳ್ಳಿ ಮೇಷ್ಟ್ರಿಗೆ ಮಾರಿದೆ. ಹಿತ್ತಲ ಡಬ್ಬದ್ದು ಹಾಕ್ಸಿದೆ. ಎರಡು ಸಲ. ನಿನಗ ಸುಳ್ಳು ಹೇಳ್ದೆ. ದೀಪ ಹತ್ತಿದ್ದೂ ಹೇಳ್ಲಿಲ್ಲ. ಅವತ್ತು ಗಾಡಿ ಅದಕ್ಕ ನಿಂತಿದ್ದು."

ತಲೆ ಆಡಿಸುತ್ತಾನೆ ಎಂದುಕೊಂಡು ರೇಜರನ್ನು ದೂರ ಹಿಡಿದು ಕಾದೆ. ಆಡಿಸಲಿಲ್ಲ. ನನ್ನನ್ನು ನೋಡಿದ. ನೋಡುತ್ತಲೇ ಇದ್ದ. ಅವನ ಕಣ್ಣು ಅಗಲವಾಯಿತು, ಗಂಟಲಿನಿಂದ ಒಂದು ಸದ್ದು ಹೊರಟಿತು. ಎಡಗೈಯನ್ನು ಟವೆಲ್ಲಿನ ಕೆಳಗಿನಿಂದ ಎಳೆದು ತೆಗೆದು, ನನ್ನ ಕೆನ್ನೆಗೆ ಹೊಡೆದ. ಮೆಲ್ಲಗೆ ಬಿದ್ದ ಏಟಲ್ಲ. ನೊರೆಯ ಬಟ್ಟಲು ಉರುಳಿ ನೆಲಕ್ಕೆ ಬಿತ್ತು. ಇನ್ನೊಮ್ಮೆ ಹೊಡೆಯಲು ಕೈ ಎತ್ತಿದ, ಎತ್ತಿದ ಕೈ ತೊಡೆಯ ಮೇಲೆ ಬಿತ್ತು.

ಕೆನ್ನೆ ಉರಿಯಿತು. ಎಂಟು ತಿಂಗಳಲ್ಲಿ ನನಗೆ ಮೊದಲ ಸಲ ಏನೋ ನೋವಾಯಿತು, ಮತ್ತು ಅದರ ಹಿಂದೆಯೇ ಬಂದದ್ದು ಸಂತೋಷ, ನಾಚಿಕೆಯಿಲ್ಲದ ಸಂತೋಷ. ಅಣ್ಣ ಇದ್ದ. ಒಳಗೆ ಪೂರ್ತಿ ಇದ್ದ. ಬೂದಿ ಎಂದರೇನು, ಸುಳ್ಳು ಎಂದರೇನು, ತನಗೆ ಏನಾಗಿದೆ, ಯಾರಿಂದ ಆಗಿದೆ, ಎಲ್ಲ ಅವನಿಗೆ ತಿಳಿಯುತ್ತಿತ್ತು. ಕೂಗಿದೆ: "ಅತ್ತಿಗೀ, ಬಾ ಇಲ್ಲಿ. ಅಣ್ಣಗ ಎಲ್ಲಾ ತಿಳೀತೈತಿ. ನನಗ ಹೊಡ್ದ ನೋಡು."

ಅತ್ತಿಗೆ ಓಡಿ ಬಂದಳು. ನೆಲದ ನೊರೆ ನೋಡಿದಳು, ಅರ್ಧ ಹೆರೆದ ಅಣ್ಣನ ಮುಖ ನೋಡಿದಳು. ಅವನು ಇನ್ನೂ ನನ್ನನ್ನೇ ನೋಡುತ್ತಿದ್ದ. ಅವಳ ಮುಖದಲ್ಲಿ ನಗು ಬರುವುದರಲ್ಲಿತ್ತು, ಅಷ್ಟರಲ್ಲಿ ನಿಂತಿತು.

"ಯಾಕ ಹೊಡ್ದ್ರು?" ಅಂದಳು.

ಹೇಳಿದೆ. ಡಬ್ಬಿ, ಮೇಷ್ಟ್ರು, ಹಿತ್ತಲಿನ ಎಣ್ಣೆ, ಹಳದಿ ದೀಪ, ಎಲ್ಲವನ್ನೂ ಈ ಸಲ ಅವಳ ಮುಖ ನೋಡಿ ಹೇಳಿದೆ. ಬೈಯುತ್ತಾಳೆ, ಹೊರಗೆ ಹೋಗು ಎನ್ನುತ್ತಾಳೆ ಎಂದು ಕಾದೆ. ಗೋಡೆ ಹಿಡಿದು ನಿಂತಳು.

"ಹಂಗಾದ್ರ," ಅಂದಳು, "ನಾ ತಡ ಮಾಡಿದ್ದಕ್ಕ ಅಲ್ಲ?"

"ಅಲ್ಲ," ಅಂದೆ.

ಅವಳು ನನ್ನನ್ನು ದಾಟಿ ಹೋಗಿ ಅಣ್ಣನ ಕಾಲ ಬಳಿ ನೆಲದ ಮೇಲೆ ಕೂತಳು. ಅವನ ಮೊಣಕಾಲಿಗೆ ಹಣೆ ಇಟ್ಟು, "ನಾ ಅಲ್ಲಂತ್ರಿ, ನಾ ಅಲ್ಲಂತ," ಎಂದು ಅವನಿಗೆ ಹೇಳುತ್ತ ಹೇಳುತ್ತ ಗಟ್ಟಿಯಾಗಿ ಅತ್ತಳು.